ಚಿಗವ್ವ ತಿದ್ದಿದ ಚಿತ್ರಕಥೆ

ಇವತ್ತು ಬೆಳಿಗ್ಗೆ ಗಂಗಾವತಿಯ ನಮ್ಮ ಓಣಿಯಲ್ಲಿ ಯಾರೋ ಹಳೆಯ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು. ಐದಾರು ಸಲ ಕೆಮ್ಮಿ ಕಡೆಗೂ ಅದು ಚಾಲೂ ಆಯಿತು. ಪೆಟ್ರೋಲು, ಎಣ್ಣೆ ಸೇರಿ ಸುಟ್ಟ ಹೊಗೆ ಕಿಟಕಿಯೊಳಗೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರೇನೋ. ನಾನು ಪೆನ್ಸಿಲ್ ಕೆಳಗಿಟ್ಟು ಎದೆ ತುಂಬ ಎಳೆದುಕೊಂಡೆ. ಆ ವಾಸನೆಗೆ ನಾನು ಋಣಿ.

ಕಾರಣ ಹೇಳುತ್ತೇನೆ. ಹಗಲು ನಾನು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬ್ಯಾನರ್ ಮಾಡುವವಳು. ಮುಖಂಡರ ಹುಟ್ಟುಹಬ್ಬ, ಹೊಸ ಅಂಗಡಿಯ ಉದ್ಘಾಟನೆ, ನಡುನಡುವೆ ಭಾವಪೂರ್ಣ ಶ್ರದ್ಧಾಂಜಲಿ. ಸಂಜೆ ಮನೆಗೆ ಬಂದು ಚಿತ್ರ ಬಿಡಿಸಿ, ಮಾತು ತುಂಬಿ, ಚಿತ್ರಕಥೆಯ ವಾರಕ್ಕೊಂದು ಕಂತು ಮೊಬೈಲಿನಲ್ಲಿ ಹಾಕುತ್ತೇನೆ. ಎರಡು ವರ್ಷದ ಹಿಂದೆ, ಗಂಡನನ್ನು ಕಳೆದುಕೊಂಡ ನೀಲಾ ಎಂಬವಳ ಕಥೆ ಶುರುಮಾಡಿದೆ. ದುಃಖ ಬರೆಯುವುದಕ್ಕೆ ನನಗಿದ್ದ ಅರ್ಹತೆಯೆಂದರೆ ಆ ಶ್ರದ್ಧಾಂಜಲಿ ಬ್ಯಾನರುಗಳೇ. ಮೂಲೆಗೊಂದು ದೀಪ, ಕೆಳಗೊಂದು ಗುಲಾಬಿ ಇಟ್ಟರೆ ದುಃಖ ಮುಗಿಯಿತು ಎಂದುಕೊಂಡಿದ್ದವಳು ನಾನು. ನೀಲಾ ಮೊದಲ ಕಂತಿನಲ್ಲೇ ಹನ್ನೊಂದು ಸಲ ಅತ್ತಳು.

ಎರಡನೆಯ ಕಂತಿಗೆ ಏನೂ ಹೊಳೆಯದೆ ಒಂದು ಕಳ್ಳತನ ಮಾಡಿದೆ. ನಮ್ಮವ್ವನ ತಂಗಿ, ಕನಕಗಿರಿಯ ಶಾರದಾ ಚಿಗವ್ವ, ಮನೆಯಲ್ಲೇ ಜಂಪರು ಹೊಲಿಯುತ್ತಾಳೆ. ಅವಳ ಗಂಡ, ಅಂಚೆ ಕಚೇರಿಯಲ್ಲಿದ್ದ ಕಾಕಾ, ಒಂದು ಮಧ್ಯಾಹ್ನ ಎದೆನೋವೆಂದು ಕೂತವರು ಏಳಲಿಲ್ಲ. ಅದಾದ ಮೇಲೆ ನಾನೊಂದು ಭಾನುವಾರ ಅಲ್ಲಿದ್ದೆ. ಚಿಗವ್ವ ಅಂಗಳಕ್ಕೆ ಹೋಗಿ ಕಾಕಾನ ನೀಲಿ ಸ್ಕೂಟರಿನ ಹೊದಿಕೆ ತೆಗೆದು, ಸ್ಟ್ಯಾಂಡಿನ ಮೇಲೆ ನಿಂತಿದ್ದಂತೆಯೇ ಚಾಲೂ ಮಾಡಿ, ಐದು ನಿಮಿಷ ಬಿಟ್ಟು ಬಂದ್ ಮಾಡಿದಳು. ಅವಳಿಗೆ ಸ್ಕೂಟರ್ ಓಡಿಸಲು ಬರುತ್ತಿರಲಿಲ್ಲ. ಅದನ್ನೇ ನಾನು ಬರೆದೆ. ನಿಂತ ಸ್ಕೂಟರು, ಹೊಗೆ, ಹ್ಯಾಂಡಲ್ ಮೇಲೆ ತಲೆಯಿಟ್ಟು ಅಳುವ ನೀಲಾ. ಜನ ಹುಚ್ಚೆದ್ದು ಹಂಚಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ಹಂಚಿದವರಲ್ಲಿ ಕನಕಗಿರಿಯವರೂ ಇದ್ದರು. ಹೊಲಿಯಲು ಬಟ್ಟೆ ಕೊಡಲು ಬಂದ ಒಬ್ಬಾಕೆ ಚಿಗವ್ವನಿಗೇ ತೋರಿಸಿ, “ಇದು ನಿಮ್ಮ ಅಂಗಳ ಅಲ್ಲೇನ್ರಿ?” ಅಂದಳಂತೆ.

ಹದಿನೈದು ದಿನ ಚಿಗವ್ವ ನನ್ನ ಫೋನ್ ಎತ್ತಲಿಲ್ಲ. ಕಡೆಗೆ ಬಸ್ಸು ಹತ್ತಿ ಹೋದೆ. ಹೊಲಿಗೆ ಯಂತ್ರದ ಮುಂದಿದ್ದವಳು ತಲೆ ಎತ್ತಲಿಲ್ಲ.

“ಚಿಗವ್ವ, ತಪ್ಪಾತು. ಈಗ ಇಲ್ಲೇ ಅಳಿಸಿ ಹಾಕ್ತೀನಿ,” ಅಂದೆ.

ಅವಳು ಹಿಡಿದ ಹೊಲಿಗೆ ಮುಗಿಸಿ, ದಾರ ಹಲ್ಲಿನಿಂದ ಕಡಿದಳು. “ನನ್ನ ಕೇಳಲಾರದ ತೆಗದಿ. ಅದು ಒಂದು ತಪ್ಪು. ಇನ್ನೊಂದು ತಪ್ಪು ಚಿತ್ರದಾಗ ಐತಿ. ನಾ ಅಳತಿದ್ದಿಲ್ಲ.”

“ಮತ್ತ?”

“ಕೇಳತಿದ್ದೆ. ಸಂಜಿಮುಂದ ಆ ಸಪ್ಪಳ ಓಣಿಯಾಗ ಬಂತಂದ್ರ ನಾ ಚಾಕ್ಕ ನೀರು ಇಡತಿದ್ದೆ. ಅದು ಮರತು ಹೋಗಬಾರದಂತ ವಾರಕ್ಕೊಮ್ಮೆ ಚಾಲೂ ಮಾಡತೀನಿ. ಅಷ್ಟ.”

ನಾನು ಅಳಿಸಲು ಮೊಬೈಲು ತೆಗೆದೆ. ಅಳಿಸಬೇಡ, ಸರಿಮಾಡು, ಇನ್ನು ಮೇಲೆ ಮೊದಲು ನನಗೆ ಕಳಿಸು ಅಂದಳು. ಅವತ್ತೇ ಗಂಗಾವತಿಗೆ ಮರಳಿ ಆ ಪುಟ ಮತ್ತೆ ಬರೆದೆ. ನೀಲಾಳ ಕಣ್ಣೀರು ತೆಗೆದು, ಒಲೆಯ ಮೇಲೆ ಇಬ್ಬರಿಗಾಗುವಷ್ಟು ಚಹಾದ ನೀರು ಇಟ್ಟೆ. ಬರೆಯುವಾಗ ನಾನೇ ಅತ್ತೆ. ಬ್ಯಾನರಿನ ಗುಲಾಬಿ ನನ್ನನ್ನು ಯಾವತ್ತೂ ಅಳಿಸಿರಲಿಲ್ಲ.

ಹೀಗೆ ಚಿಗವ್ವ ನನ್ನ ಸಂಪಾದಕಿಯಾದಳು. ಕೆಲವು ವಾರದ ಮೇಲೆ, “ನಿನ್ನ ಕಥಿಯೊಳಗ ಒಬ್ಬ ಮಾಸ್ತರು ಬರಲಿ. ಹಿಂದಿನ ಓಣ್ಯಾಗ ಇರತಾರ, ಹೇಣ್ತಿ ತೀರಿಕೊಂಡು ಭಾಳ ವರ್ಷ ಆಗೇತಿ ಅಂತ ಇಡು,” ಅಂದಳು. ಮಾಸ್ತರು ಬಂದು ಏನು ಮಾಡಬೇಕು ಎಂದರೆ, “ಗಾಡಿ ನಿಂತಲ್ಲೇ ನಿಂತ್ರ ಹಾಳಾಗತೈತ್ರಿ, ನೀವ ಓಡಸೋದು ಕಲೀರಿ ಅಂತಾರ,” ಅಂದಳು. ಚಿಗವ್ವನಿಗೆ ಎಂಥ ಕಲ್ಪನೆ ಎಂದು ಬೆರಗಾದೆ. ಅವಳ ಹಿಂದಿನ ಓಣಿಯಲ್ಲಿ ಗಣಿತದ ಈರಣ್ಣ ಮಾಸ್ತರು ಇರುವುದು ನನಗೆ ಗೊತ್ತಿತ್ತು. ಆದರೂ ತಲೆಗೆ ಹೋಗಲಿಲ್ಲ. ಪ್ರೇಮಕಥೆ ಬರೆಯುವವಳ ಜಾಣತನ ನೋಡಿ.

ಓದುಗರಿಗೆ ಮಾತ್ರ ತಡೆಯಲಾಗಲಿಲ್ಲ. ‘ಯಾವಾಗ ಕೈ ಹಿಡೀತಾರೆ?’ ಎಂದು ವಾರವಾರ ಬರೆಯುತ್ತಿದ್ದರು. ನಾನೂ ತಾಳಲಾರದೆ, ಹತ್ತನೆಯ ಕಂತಿನಲ್ಲಿ ಹ್ಯಾಂಡಲ್ ಹಿಡಿದ ನೀಲಾಳ ಕೈಮೇಲೆ ಮಾಸ್ತರ ಕೈ ಇಡಿಸಿದೆ. ಕಳಿಸಿದ ಐದು ನಿಮಿಷಕ್ಕೆ ಫೋನು ಬಂತು.

“ತೆಗಿ ಅದನ್ನ. ಅವರು ಕೈ ಹಿಡದಿಲ್ಲ.”

“ಮತ್ತ ಏನು ಮಾಡ್ತಾರ?”

“ಗಾಡಿ ಸಜ್ಜಿ ಹೊಲದಾಗ ಹೋಗಿ ಬೀಳತೈತಿ. ಮಾಸ್ತರು ಗಾಡಿ ಎತ್ತಲಿಲ್ಲ. ಮದಲ ನನ್ನ ಚಪ್ಪಲಿ ಹುಡುಕಿ ತಂದು ಕಾಲ ಹತ್ತರ ಇಟ್ರು.” ಆಮೇಲೆ ತಿದ್ದಿಕೊಂಡು, “ನೀಲಾನ ಚಪ್ಪಲಿ,” ಅಂದಳು.

ಈರಣ್ಣ ಮಾಸ್ತರು ಕಡೆಗೂ ನನ್ನ ತಲೆಗೆ ಹೋದರು. ಹ್ಞೂಂ ಎಂದಷ್ಟೇ ಹೇಳಿ ಫೋನ್ ಇಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಕುಣಿದೆ. ಅಂದಿನಿಂದ ವಾರ ಯಾವಾಗ ತುಂಬೀತು ಎಂದು ಕಾಯುವವರಲ್ಲಿ ನಾನೇ ಮೊದಲಿಗಳು. ನನಗೆ ಗೊತ್ತಾಗಿದೆ ಎಂದು ಅವಳಿಗೂ ಗೊತ್ತಿತ್ತು. ಇಬ್ಬರೂ ನೀಲಾಳ ಹೆಸರು ಹೇಳಿಕೊಂಡೇ ಮಾತಾಡುತ್ತಿದ್ದೆವು.

ಪ್ರೇಮಕಥೆಯಲ್ಲಿ ನಿಧಾನ ಎಂದರೆ ಬರೆಯುವವರು ಓದುಗರನ್ನು ಸತಾಯಿಸುವ ಉಪಾಯ ಎಂದು ತಿಳಿದಿದ್ದೆ. ಹಾಗಲ್ಲ. ಒಮ್ಮೆ ಚಿಗವ್ವ ಹೇಳಿದಳು, ಮಾಸ್ತರು ಮನೆಯೊಳಗೆ ಮೊದಲ ಸಲ ಬಂದಾಗ ಗೋಡೆಯ ಮೇಲಿನ ಕಾಕಾನ ಫೋಟೋ ಕಡೆಗೆ ತಿರುಗಿ ಕೂತು, “ಇವರ ಬಗ್ಗೆ ಹೇಳ್ರಿ,” ಅಂದರಂತೆ. “ಒಂದು ತಾಸು ಹೇಳಿದ್ಳು ನೀಲಾ. ಎಲ್ಲಾರೂ ಮರೀ ಮರೀ ಅಂತಿದ್ರು. ಅವರೊಬ್ಬರ ಹೇಳ್ರಿ ಅಂದ್ರು.” ಆ ಕಂತಿನಲ್ಲಿ ನಾನು ಮಾತೇ ಹಾಕಲಿಲ್ಲ. ಎರಡು ಲೋಟ, ಒಂದು ಫೋಟೋ, ಸರಿಯುತ್ತ ಹೋಗುವ ಬಿಸಿಲು.

ವಿಷಯ ನಮ್ಮವ್ವನಿಗೆ ತಿಳಿದಾಗ ಆಕೆ ನೇರ ನನ್ನ ಮೇಲೆ ಬಂದಳು. “ನಿನ್ನ ಚಿತ್ರ ನೋಡಿನ ನನ್ನ ತಂಗಿ ಕೆಟ್ಟಾಳ. ಐವತ್ತರ ಹತ್ತರ ಬಂದಾಕಿಗೆ ಇದೆಲ್ಲ ಬೇಕಿತ್ತೇನು?” ನಾನು ವಾದ ಮಾಡದೆ ಮೊಬೈಲು ಕೈಗಿಟ್ಟೆ. ಊಟ ಬಿಟ್ಟು, ಕನ್ನಡಕ ಏರಿಸಿಕೊಂಡು, ಮೊದಲಿನಿಂದ ಓದಿದಳು. ಸಂಜೆ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. “ಇಷ್ಟು ದಿನ ಆಕಿ ಒಬ್ಬಾಕಿನ ಕುಂತು ಆ ಗಾಡಿ ಸಪ್ಪಳ ಕೇಳ್ಯಾಳ. ನಾ ಒಂದು ದಿನಾನೂ ಕೇಳಲಿಲ್ಲ,” ಅಂದಳು. ಆಮೇಲೆ, “ಮುಂದಿಂದು ಎಲ್ಲೈತಿ?” ಅಂದಳು. ಇನ್ನೂ ಬರೆದಿಲ್ಲ ಎಂದರೆ ಸಿಟ್ಟಾದಳು.

ಬೆಳಗಿನ ಹೊಗೆ ಹಿಡಿದು ಇಷ್ಟು ದೂರ ಬಂದೆನಲ್ಲ, ಇದನ್ನು ಬರೆಯುತ್ತಿದ್ದಂತೆಯೇ ಚಿಗವ್ವನ ಫೋನು ಬಂತು. “ಸೋಮವಾರ ಕೊಪ್ಪಳದಾಗ ರಿಜಿಸ್ಟರ್ ಮದುವಿ ಐತಿ. ಸಾಕ್ಷಿ ಸಹಿಗೆ ನೀ ಬರಬೇಕು. ಆಧಾರ್ ಕಾರ್ಡ್ ಮರೀಬ್ಯಾಡ,” ಅಂದಳು, ಜಂಪರಿನ ಅಳತೆ ಹೇಳುವ ದನಿಯಲ್ಲೇ. ನೀಲಾಳ ಹೆಸರು ಬರಲಿಲ್ಲ. ನಾನು, “ಈ ವಾರದ ಕಂತು ಕಳಿಸೀನಿ ಚಿಗವ್ವ, ನೋಡಿಯೇನು?” ಅಂದೆ.

“ಇಲ್ಲವಾ,” ಅಂದಳು. ಅವಳ ಹಿಂದಿನಿಂದ ಗಂಡಸಿನ ದನಿಯೊಂದು ಏನೋ ಅಂದಿತು. ಅವಳು ನಕ್ಕಳು. “ಇನ್ನ ಮ್ಯಾಲೆ ನೀನ ನೋಡಿಕೊ. ನನಗ ಪುರಸೊತ್ತಿಲ್ಲ.”