ಲೈನ್ ಸರಿ ಉಂಟು

ಅವರ ಬಲಗಿವಿಯಲ್ಲಿ ಕೆಂಪು ಹರಳಿನ ಓಲೆ, ಎಡಗಿವಿಯಲ್ಲಿ ಹಿಡಿಸೂಡಿ ಪೊರಕೆಯ ಒಂದು ಕಡ್ಡಿ. ಫೋನಿನ ರಿಸೀವರ್ ಒತ್ತಿ ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚುತ್ತದೆಂದು ಎಡಗಡೆಯದನ್ನು ಬಿಚ್ಚಿಟ್ಟು, ತೂತು ಮುಚ್ಚಿಹೋಗಬಾರದೆಂದು ಕಡ್ಡಿ ಸಿಕ್ಕಿಸಿಕೊಂಡಿದ್ದರು. ಮದುವೆಮನೆಗೂ ಹಾಗೆಯೇ ಬರುತ್ತಿದ್ದರು. ಯಾರಾದರೂ ಕೇಳಿದರೆ "ಇದು ಡ್ಯೂಟಿ ಕಿವಿ" ಎನ್ನುತ್ತಿದ್ದರು.

ಲಾಯಿಲ ಊರಿನವರಿಗೆಲ್ಲ ಅವರು ಲೈನ್‌ಮ್ಯಾನ್ ಅಕ್ಕ. ಗಂಡ ಟೆಲಿಫೋನಿನ ಲೈನ್‌ಮ್ಯಾನ್ ಆಗಿದ್ದವರು. ಅವರು ಹಗಲಿಡೀ ಕಂಬದ ಮೇಲಿದ್ದರೆ, ಫೋನ್ ಸತ್ತಿದೆ ಎಂಬ ದೂರೆಲ್ಲ ಮನೆಯಲ್ಲಿದ್ದ ಅಕ್ಕನ ಕಿವಿಗೆ. ಗಂಡ ತೀರಿಕೊಂಡ ಮೇಲೂ ಕರೆ ನಿಲ್ಲಲಿಲ್ಲ. ದೂರಿನ ಬದಲು ಪ್ರಶ್ನೆ ಬರತೊಡಗಿತು. ತೆಂಗಿನಕಾಯಿ ತೆಗೆಯುವವನ ನಂಬರ್ ಎಷ್ಟು, ದನದ ಡಾಕ್ಟರು ಯಾವತ್ತು ಬರುತ್ತಾರೆ, ಮೂಡುಬಿದಿರೆಯ ಕಡೆಯ ಬಸ್ಸು ಹೋಯಿತಾ, ಏಕಾದಶಿ ಇವತ್ತೋ ನಾಳೆಯೋ. ಅವರ ಗೋಡೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಒಂದೂವರೆ ಗಂಟೆ ಹಿಂದೆ ಓಡುತ್ತಿತ್ತು, ಅದು ದುಬೈಯದು. ಅಲ್ಲಿರುವ ಮಗನಿಗೆ ಫೋನ್ ಮಾಡುವ ಮೊದಲು ತಾಯಂದಿರು ಅಕ್ಕನಿಗೆ ಫೋನ್ ಮಾಡಿ, ಅವನು ಎದ್ದಿರಬಹುದಾ ಎಂದು ಕೇಳಿಕೊಳ್ಳುತ್ತಿದ್ದರು. ಇದಕ್ಕೆಲ್ಲ ಅಕ್ಕ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ನಾನು ಬೆಳ್ತಂಗಡಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು. ಆಮಂತ್ರಣ ಪತ್ರಿಕೆಯಲ್ಲಿ ಒಂದು ಹೆಸರು ತಪ್ಪಿದರೆ ಮದುವೆಮನೆಯವರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ, ಹಾಗಾಗಿ ಆ ಮನೆಯವರ ನಂಬರ್ ಕೇಳಲಿಕ್ಕೆ ದಿನಕ್ಕೆ ಎರಡು ಸಲವಾದರೂ ಅಕ್ಕನಿಗೆ ಫೋನ್. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ನಾಲ್ಕು ಒತ್ತಿ ಎಂದು ಸತಾಯಿಸಿ, ಕೊನೆಗೆ ಹಾಡು ಹಾಕಿ ಕೂರಿಸುವ ಕಂಪನಿಗಳ ಫೋನೆಂದರೆ ಮೈಯೆಲ್ಲ ಉರಿಯುತ್ತದೆ. ಅಕ್ಕ ಒಂದೇ ರಿಂಗಿಗೆ ಎತ್ತುತ್ತಿದ್ದರು.

"ಹೆಸರು ಹೇಳ್ಬೇಡ ಮಾರಾಯ್ತಿ. ಆ ಹೆಸರಿನವರು ಹನ್ನೆರಡು ಜನ ಉಂಟು. ಯಾವ ಲೈನು, ಅವರಿಗಿಂತ ಮೊದಲು ಯಾರ ಮನೆ, ಅದು ಹೇಳು."

ಅವರ ನಂಬರಿನ ಪುಸ್ತಕದಲ್ಲಿ ಅಕಾರಾದಿ ಇರಲಿಲ್ಲ. ಗಂಡ ತಂತಿ ಎಳೆದುಕೊಂಡು ಹೋದ ಕ್ರಮದಲ್ಲೇ, ಕಂಬದಿಂದ ಕಂಬಕ್ಕೆ, ಮನೆಗಳನ್ನು ಬರೆದಿಟ್ಟಿದ್ದರು. ಆಮೇಲೆ ಬಂದ ಮೊಬೈಲ್ ನಂಬರುಗಳನ್ನು ಅಕ್ಕ ಅದೇ ಮನೆಗಳ ಪಕ್ಕ ಪೆನ್ಸಿಲಿನಲ್ಲಿ ಸೇರಿಸುತ್ತಿದ್ದರು. ಜನ ಸಿಮ್ ಬದಲಿಸಿದರೆ ಉಜ್ಜಲಿಕ್ಕೆ ಸುಲಭ. ಸಾಲಾಗಿ ಮನೆಗಳನ್ನು ಬಾಯಿಪಾಠ ಹೇಳುತ್ತಿದ್ದ ಅವರು ಅವುಗಳಲ್ಲಿ ಅರ್ಧವನ್ನೂ ಕಣ್ಣಲ್ಲಿ ಕಂಡವರಲ್ಲ.

ಅವರಲ್ಲಿ ಎರಡು ಹಟಗಳಿದ್ದವು. ಒಂದು, ಕೇಳಿದ ಕೂಡಲೇ ನಂಬರ್ ಕೊಡುವುದಿಲ್ಲ. ಆ ಮನೆಯವರಿಗೆ ತಾವೇ ಫೋನ್ ಮಾಡಿ, ಕೊಡಬಹುದಾ ಎಂದು ಕೇಳಿ, ಮತ್ತೆ ನಮಗೆ ಹೇಳುತ್ತಾರೆ. "ಫೋನ್ ಇಡು, ನಾನೇ ಮಾಡ್ತೇನೆ." ಆ ಐದು ನಿಮಿಷದಲ್ಲಿ ನಾನು ಪ್ರೆಸ್ಸಿನ ಉದ್ದಕ್ಕೂ ನಾಲ್ಕು ಸಲ ನಡೆದಾಗುತ್ತಿತ್ತು. ಎರಡನೆಯದು, ಲೈನಿಗೆ ಯಾರೂ ಏನೂ ಹೇಳಬಾರದು. "ಏನಕ್ಕ, ನಿಮ್ಮ ಲೈನ್ ಗರಗರ ಅಂತದೆ" ಎಂದರೆ ಸ್ವರ ಗಟ್ಟಿಯಾಗುತ್ತಿತ್ತು. "ಲೈನ್ ಸರಿ ಉಂಟು. ನಿನ್ನ ಫೋನ್ ನೋಡು." ಗಂಡ ಎಳೆದ ತಂತಿ ಹಾಳಾಗುತ್ತದೆ ಎನ್ನುವುದನ್ನು ಅವರು ಒಪ್ಪಿದ್ದನ್ನು ನಾನು ಕೇಳಿದ್ದು ಒಂದೇ ಒಂದು ಸಲ. ಅದೂ ನನಗೋಸ್ಕರ.

ಅಪ್ಪನಿಗೆ ಮರೆವು ಶುರುವಾಗಿದ್ದ ಕಾಲ. ಫರಂಗಿಪೇಟೆಯ ಅತ್ತೆಯ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿದವರು ಮಧ್ಯಾಹ್ನವಾದರೂ ಮನೆ ಮುಟ್ಟಲಿಲ್ಲ. ಮೊಬೈಲ್ ಅತ್ತೆಯ ಮನೆಯಲ್ಲೇ ಚಾರ್ಜಿಗೆ ಉಳಿದಿತ್ತು. ಅತ್ತೆ ಕಳಿಸುವಾಗ ಜೊತೆಗೆ ಯಾರೂ ಬೇಡ, ಒಬ್ಬರೇ ಬರುತ್ತಾರೆ ಎಂದವಳು ನಾನೇ. ಅಕ್ಕನಿಗೆ ಫೋನ್ ಮಾಡಿದೆ.

"ಎಂತ ಹಾಕಿದ್ದಾರೆ? ಕೈಯಲ್ಲಿ ಎಂತ ಉಂಟು?"

"ಬಿಳಿ ಮುಂಡು, ನೀಲಿ ಅಂಗಿ. ಕೊಡೆ ಉಂಟು."

"ಫೋನ್ ಇಡು, ನಾನೇ ಮಾಡ್ತೇನೆ. ನೀನು ಮಾಡ್ಬೇಡ, ಆಯ್ತಾ? ಯಾರಿಗಾದ್ರೂ ಅಪ್ಪ ಸಿಕ್ಕಿದ್ರೆ ಹೇಳ್ಲಿಕ್ಕೆ ನನ್ನ ಲೈನ್ ಖಾಲಿ ಬೇಕು."

ದಾರಿಯುದ್ದಕ್ಕೂ ಬಸ್‌ಸ್ಟಾಪಿನ ಪಕ್ಕದ ಅಂಗಡಿ, ಹೋಟೆಲುಗಳಿಗೆ ಅವರು ಸಾಲಾಗಿ ಫೋನ್ ಮಾಡಿ, ಇಂಥವರು ಕಂಡರೆ ಕೂರಿಸಿಕೊಂಡು ನನಗೆ ತಿಳಿಸಿ ಎಂದು ಹೇಳಿಟ್ಟರು. ನಾನು ಅಂಗಳಕ್ಕೂ ಒಳಕ್ಕೂ ತಿರುಗಿದೆ. ಹತ್ತು ನಿಮಿಷಕ್ಕೆ ಫೋನ್ ಮಾಡಿದೆ. "ಇಡು" ಎಂದರು. ಐದು ನಿಮಿಷ ಬಿಟ್ಟು ಮತ್ತೆ ಮಾಡಿದೆ. "ಇಡು ಮಗಾ." ಮೂರನೆಯ ಸಲ ಅವರು ಎತ್ತಿದ ಕೂಡಲೇ ನನಗೆ ಅಳು ಬಂತು. ಬೆಳಿಗ್ಗೆಯಿಂದ ತಡೆದದ್ದೆಲ್ಲ ಹೊರಗೆ ಬಿತ್ತು. ಅಕ್ಕ ಎರಡು ಸಲ "ಇಡು" ಎಂದರು, ಆಮೇಲೆ ನನ್ನ ಅಳುವನ್ನು ಕೇಳಿಸಿಕೊಂಡರು. ಅಳುವವಳ ಫೋನನ್ನು ಕುಕ್ಕಿಬಿಡಲಿಕ್ಕೆ ಅವರಿಗೆ ಮನಸ್ಸು ಬರಲಿಲ್ಲ.

ಅದೇ ಹೊತ್ತಿಗೆ ಅಪ್ಪ, ಬಸ್ಸು ಬದಲಿಸಬೇಕಾದ ಬಿ.ಸಿ.ರೋಡಿನ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ಹೋಟೆಲಿನವರು ಅಕ್ಕನ ನಂಬರಿಗೆ ಮತ್ತೆ ಮತ್ತೆ ಒತ್ತುತ್ತಿದ್ದರಂತೆ. ಎಂಗೇಜ್. ಎದುರು ಬಸ್ಸು ಬಂದು ನಿಂತದ್ದೇ, "ನನ್ನ ಬಸ್ಸು ಬಂತು" ಎಂದು ಅಪ್ಪ ಎದ್ದು ಹೊರಟರು. ಅದು ನಮ್ಮ ಕಡೆಯ ಬಸ್ಸಲ್ಲ, ಉಪ್ಪಿನಂಗಡಿಯ ಕಡೆಯದು. ನಾನು ಫೋನ್ ಇಟ್ಟ ಮೇಲೆ ಅಕ್ಕನಿಗೆ ಆ ಸುದ್ದಿ ಸಿಕ್ಕಿತು. ಅವರು ಕೂಡಲೇ ಆ ದಾರಿಯಲ್ಲಿ ಮುಂದೆ ಸಿಗುವ ಮಾಣಿಯ ಬೇಕರಿಗೆ ಹೇಳಿದರು. ಬೇಕರಿಯ ಹೆಂಗಸು ರಸ್ತೆಗೆ ಓಡಿ ಬಸ್ಸಿಗೆ ಕೈ ಅಡ್ಡ ಹಿಡಿದಳು. ಇಳಿಯುವ ಗಡಿಬಿಡಿಯಲ್ಲಿ ಅಪ್ಪ ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು.

ದುಬೈಯಿಂದ ಅಣ್ಣ ಬಂದ. ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ತಂದ ಮರುದಿನ ಅಕ್ಕ ನೋಡಲಿಕ್ಕೆ ಬಂದರು. ನಾನು ಚಹಾ ತೆಗೆದುಕೊಂಡು ಬಾಗಿಲಿಗೆ ಬರುವಾಗ ಅಣ್ಣ ಕೇಳುತ್ತಿದ್ದ.

"ಬಿ.ಸಿ.ರೋಡಿನಲ್ಲೇ ಸಿಕ್ಕಿದ್ರಂತೆ ಅಲ್ವಾ ಅಕ್ಕ? ಮತ್ತೆ ಮಾಣಿಗೆ ಹೇಗೆ ಹೋದದ್ದು?"

ಅಕ್ಕ ನನ್ನನ್ನು ನೋಡಿದರು. ಎಡಗಿವಿಯ ಕಡ್ಡಿಯನ್ನು ಒಮ್ಮೆ ತಿರುಗಿಸಿಕೊಂಡರು.

"ಲೈನ್ ಕೈ ಕೊಟ್ಟಿತು ಮಗಾ. ಆ ದಿನ ನಮ್ಮ ಲೈನ್ ಸರಿ ಇರ್ಲಿಲ್ಲ. ಹಳೆ ತಂತಿ ಅಲ್ವಾ."

ನಾನು ಚಹಾ ಕೊಟ್ಟು ಒಳಗೆ ಹೋದೆ. ಲೈನ್ ಹಿಡಿದಿಟ್ಟವಳು ನಾನೇ ಎಂದು ಹೇಳಲಿಲ್ಲ. ಆಮೇಲೆ ಎರಡು ವರ್ಷ ಅಪ್ಪ ವಾಕರ್ ಹಿಡಿದು ಜಗುಲಿಯಲ್ಲೇ ಓಡಾಡಿದರು. ಅದು ನೆಲಕ್ಕೆ ಟಕ್ಕೆಂದಾಗಲೆಲ್ಲ ನಾನು ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ. ಅಕ್ಕನಿಗೆ ಫೋನ್ ಮಾಡುತ್ತಲೇ ಇದ್ದೆ. ಅವರೂ ಮೊದಲಿನಂತೆಯೇ, ಯಾವ ಲೈನು, ಯಾರ ಮನೆಯ ಆಚೆ ಎಂದು ಕೇಳುತ್ತಲೇ ಇದ್ದರು. ಆ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಪ್ಪ ಹೋದ ಮೇಲಂತೂ ಹೇಳಿ ಏನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನವಂತೂ ಆಗಲಿಲ್ಲ.

ಮೊಣಕಾಲು ಕೈಕೊಟ್ಟಾಗ ಅಕ್ಕನನ್ನು ಅವರ ಮಗಳು ಮೂಡುಬಿದಿರೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಲಾಯಿಲದ ಫೋನ್ ತೆಗೆಸಿದರು. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕಂಡಿತು. ಮಗಳ ಮನೆ ಎಲ್ಲಿ ಎಂದು ಕೇಳೋಣವೆಂದು ಕೈ ತನ್ನಷ್ಟಕ್ಕೆ ಒತ್ತಿದ್ದು ಅಕ್ಕನ ಹಳೆಯ ನಂಬರನ್ನೇ. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಯಾವುದೋ ಹೆಣ್ಣಿನ ಸ್ವರ ಹೇಳಿತು. ಮಾಣಿಯ ಬೇಕರಿಯವಳಿಗೆ ಮಾಡಿದೆ. ಅವಳು ಮೂವರಲ್ಲಿ ಕೇಳಿ ಮನೆ ತಿಳಿಸಿದಳು. ಊರಿಗೇ ಬಂದು ನೆಲೆಸಿದ್ದ ಅಣ್ಣ ಕಾರು ತೆಗೆದ.

ಅಕ್ಕನನ್ನು ಚಾವಡಿಯಲ್ಲಿ ಮಲಗಿಸಿದ್ದರು. ಮಗಳು ಎರಡು ಕಿವಿಗೂ ಓಲೆ ಹಾಕಿದ್ದಳು. ಕಡ್ಡಿಯಿಲ್ಲದ ಎಡಗಿವಿ ನೋಡಿ ನನಗೆ ಒಂದು ಕ್ಷಣ ಗುರುತೇ ಸಿಕ್ಕಲಿಲ್ಲ. ಕಾಲು ಮುಟ್ಟಿ ಎದ್ದು ಬರುವಾಗ ಅಣ್ಣ ಅಕ್ಕನ ಮಗಳ ಹತ್ತಿರ ನಿಂತು ಮಾತಾಡುತ್ತಿದ್ದ.

"ನಮ್ಮ ಅಪ್ಪನನ್ನು ಹುಡುಕಿಕೊಟ್ಟದ್ದು ನಿಮ್ಮ ಅಮ್ಮ. ಪಾಪ, ಅವರ ಲೈನ್ ಒಂದು ಆ ದಿನ ಸರಿ ಇದ್ದಿದ್ರೆ."

ಮಗಳು ತಲೆ ತಗ್ಗಿಸಿದಳು. ಅವಳ ಅಪ್ಪ ಎಳೆದ ತಂತಿ ಅದು.

"ಲೈನ್ ಸರಿ ಇತ್ತು ಅಣ್ಣ" ಎಂದೆ. ಚಾವಡಿಯಲ್ಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು ಸ್ವರ. "ಅವರು ಇಡು ಇಡು ಅಂತ ಹೇಳಿದ್ರು. ನಾನು ಇಡ್ಲಿಲ್ಲ."