ಆಂಬ್ರೋಸನ ಹಂಡೆ

ಆಂಬ್ರೋಸನ ಅರ್ಧ ಆಯುಷ್ಯ ಕುಂಬಳೆಯ ಐಸ್ ಪ್ಲಾಂಟಿನ ಕಂಪ್ರೆಸರಿಗೆ ಎಣ್ಣೆ ಹೊಯ್ಯುವುದರಲ್ಲೇ ಕಳೆಯಿತು. ಬೆಳಿಗ್ಗೆ ಹೊಯ್ದದ್ದು ಸಂಜೆಗೆ ಇರುತ್ತಿರಲಿಲ್ಲ. ಅಮೋನಿಯಾ ಗ್ಯಾಸನ್ನು ಒತ್ತಿ ಕೊಳವೆಗೆ ದೂಡುವಾಗ ಆ ಹಳೆಯ ಯಂತ್ರ ತನ್ನ ಹೊಟ್ಟೆಯ ಎಣ್ಣೆಯನ್ನೂ ಹನಿಹನಿಯಾಗಿ ಜೊತೆಗೆ ಕಳಿಸಿಬಿಡುತ್ತಿತ್ತು. ಆ ಎಣ್ಣೆ ಉಪ್ಪುನೀರಿನ ತೊಟ್ಟಿಯ ಕೊಳವೆಗಳ ಒಳಗೆ ಜಿಡ್ಡಾಗಿ ಕೂತರೆ ಐಸ್ ಗಟ್ಟಿಯಾಗುವುದಕ್ಕೆ ಹೊತ್ತುಗೊತ್ತಿಲ್ಲ. ಇತ್ತ ಎಣ್ಣೆ ಬರಿದಾದ ಯಂತ್ರ ಕಿರುಚತೊಡಗುತ್ತಿತ್ತು. ಐಸಿಗೆ ಕಾಯುವ ಕೋಯಿಪಾಡಿಯ ದೋಣಿಯವರು ಬೈಯುವುದು ಆಂಬ್ರೋಸನನ್ನು, ಧನಿ ಧನರಾಜ್ ಬೈಯುವುದೂ ಅವನನ್ನೇ. ಮೆಕ್ಯಾನಿಕ್ ಅಂದ ಮೇಲೆ ಬೈಗುಳವೂ ಸಂಬಳದಲ್ಲೇ ಸೇರಿರುತ್ತದೆ.

ಒಂದು ದಿನ ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅವನು ಅಡುಗೆಮನೆಯ ಹೊಗೆಕೊಳವೆಯನ್ನು ನೋಡಿದ. ನೇರ ಇರುವಲ್ಲಿ ಹೆಚ್ಚೇನೂ ಇಲ್ಲ, ತಿರುವಿನಲ್ಲಿ ಮಾತ್ರ ಜಿಡ್ಡು ದಪ್ಪಗೆ ಕಟ್ಟಿತ್ತು. ಹೊಗೆ ತಿರುಗಿ ಹೋಗುತ್ತದೆ, ಜಿಡ್ಡಿಗೆ ಹಾಗೆ ತಿರುಗಲು ಬರುವುದಿಲ್ಲ, ಗೋಡೆಗೆ ಬಡಿದು ನಿಲ್ಲುತ್ತದೆ. ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಹೀಗೆ ಗ್ಯಾಸನ್ನು ತಿರುಗಿಸಿ ಎಣ್ಣೆ ಹಿಡಿಯುವ ಪಾತ್ರೆ ಕಂಪೆನಿಯ ಹೊಸ ಯಂತ್ರಗಳಲ್ಲಿ ಇದೆಯೆಂದು ಅವನಿಗೆ ಗೊತ್ತಿತ್ತು. ಈ ಮುದಿ ಯಂತ್ರಕ್ಕೆ ಹೊಂದುವಂಥದ್ದನ್ನು ಮಾಡಿಕೊಡುವ ಪುಣ್ಯಾತ್ಮ ಯಾರೂ ಇರಲಿಲ್ಲ. ತಾನೇ ಮಾಡಿದ. ಮೊದಲನೆಯದು ಇಕ್ಕಟ್ಟಾಗಿ, ಗ್ಯಾಸು ರಭಸದಲ್ಲಿ ಎಣ್ಣೆಯನ್ನು ಎಳೆದುಕೊಂಡೇ ಹೋಯಿತು. ಅಂಗಳ ತುಂಬ ಕಬ್ಬಿಣದ ಚೂರು ಬಿದ್ದು, ಮೀನು ಒಣಗಿಸಲು ಜಾಗವಿಲ್ಲವೆಂದು ಹೆಂಡತಿ ಪೆಟ್ರೋನಿಲ್ಲಾ ಗೊಣಗಿದಳು. ಎರಡನೆಯದನ್ನು ಹೊಟ್ಟೆ ದಪ್ಪ ಮಾಡಿದ, ಗ್ಯಾಸು ನಿಧಾನವಾಗಲೆಂದು. ಒಳಗೆ ಅಡ್ಡ ತಗಡು, ತಂತಿಯ ಬಲೆ ಇಟ್ಟ. ಅಡಿಯಲ್ಲಿ ನಿಂತ ಎಣ್ಣೆ ಸಣ್ಣ ಕೊಳವೆಯಲ್ಲಿ ಯಂತ್ರಕ್ಕೇ ಮರಳಬೇಕು. ಆ ಕೊಳವೆಗೊಂದು ವಾಲ್ವ್. ಯಂತ್ರ ನಿಲ್ಲಿಸುವಾಗ ಅದನ್ನು ಮುಚ್ಚಬೇಕು, ಹೊರಡಿಸಿದ ಮೇಲೆ ತೆರೆಯಬೇಕು.

ಎಣ್ಣೆ ಇಳಿಯುವುದು ನಿಂತಿತು. ಪ್ಲಾಂಟಿನವರು ಅದಕ್ಕೆ ಆಂಬ್ರೋಸನ ಹಂಡೆ ಎಂದು ಹೆಸರಿಟ್ಟರು. ದೀಪಾವಳಿಯವರೆಗೆ ತಕರಾರಿಲ್ಲದೆ ನಡೆದರೆ ತನ್ನ ಮೊಗ್ರಾಲ್, ಮಂಜೇಶ್ವರದ ಪ್ಲಾಂಟುಗಳಿಗೂ ಅವನಿಂದಲೇ ಮಾಡಿಸುವೆನೆಂದ ಧನರಾಜ್, ಖುಷಿಯಲ್ಲಿ ಎಣ್ಣೆ ತರಿಸುವುದನ್ನೇ ನಿಲ್ಲಿಸಿದ. ಆಂಬ್ರೋಸ್ ಮನಸ್ಸಿನಲ್ಲಿ ಸ್ವಂತ ಶೆಡ್ಡು ಕಟ್ಟಿ ಹೆಸರಿನ ಬೋರ್ಡೂ ತೂಗುಹಾಕಿದ. ಇನ್ನೊಬ್ಬರ ಯಂತ್ರ ಒರೆಸುತ್ತಲೇ ಸಾಯಬೇಕಾಗಿಲ್ಲ ಎಂಬ ಆಸೆ ಅವನಿಗೆ ಬಂದದ್ದು ಆ ವರ್ಷವೇ, 2011ರಲ್ಲಿ.

ಆಯುಧಪೂಜೆಗೆ ಯಂತ್ರ ನಿಲ್ಲಿಸಿದರು. ಆಂಬ್ರೋಸ್ ವಾಲ್ವ್ ಮುಚ್ಚಿ ಮನೆಗೆ ಹೋದ. ಪ್ಲಾಂಟು ಗುಡಿಸುವ ಪ್ರೇಮಾವತಿ ತಾನೇ ಹೂ ಕಟ್ಟಿ ಅಲಂಕಾರ ಮಾಡಿದಳು. ಆಂಬ್ರೋಸಣ್ಣನದ್ದೆಂದು ಹಂಡೆಗೆ ಎಲ್ಲಕ್ಕಿಂತ ದಪ್ಪ ಮಾಲೆ, ವಾಲ್ವೂ ಕಾಣದ ಹಾಗೆ. ಯಂತ್ರದಲ್ಲಿ ಎಣ್ಣೆ ಎಷ್ಟಿದೆಯೆಂದು ನೋಡುವ ಗಾಜಿಗೆ ಗಂಧ, ಕುಂಕುಮ ಬಳಿದಳು.

ಮರುದಿನ ವಿಜಯದಶಮಿ. ಬೆಳಿಗ್ಗೆಯೇ ದೋಣಿಯವರು ಬಂದು ನಿಂತರು, ಧನರಾಜ್ ಅವಸರ ಮಾಡಿದ. ಯಂತ್ರ ಹೊರಡಿಸಿದ ಆಂಬ್ರೋಸ್ ಹಂಡೆಯ ಬಳಿ ಹೋದವನು ಕೈ ಹಿಂದೆಗೆದ. ಅವನಿಗೂ ಪ್ರೇಮಾವತಿಗೂ ನಡುವೆ ಬಾಯಿಬಿಟ್ಟು ಹೇಳದ ಒಂದು ಮರ್ಯಾದೆ ಇತ್ತು. ಕ್ರೈಸ್ತರ ತೆನೆಹಬ್ಬವಾದ ಮೊಂತಿಗೆ ಅವನು ಇಗರ್ಜಿಯಿಂದ ತಂದು ಯಂತ್ರಕ್ಕೆ ಕಟ್ಟುವ ಹೊಸ ತೆನೆಯನ್ನು ಅವಳು ಧೂಳು ಹೊಡೆಯುವಾಗಲೂ ಮುಟ್ಟುತ್ತಿರಲಿಲ್ಲ. ಅವಳ ಪೂಜೆಯ ಹೂವನ್ನು ಅವನು ಮುಟ್ಟುತ್ತಿರಲಿಲ್ಲ. ಕಟ್ಟಿದವರೇ ಬಿಚ್ಚಬೇಕು. ಅವಳು ಈಗ ಬಂದಾಳು, ಆಮೇಲೆ ವಾಲ್ವ್ ತೆರೆದರಾಯಿತು, ಅಲ್ಲಿಯವರೆಗೆ ಯಂತ್ರದಲ್ಲಿದ್ದ ಎಣ್ಣೆ ಸಾಕು ಎಂದುಕೊಂಡ. ಎಂಥ ದಡ್ಡತನ! ಯಂತ್ರಕ್ಕೆ ಮರ್ಯಾದೆ ಗೊತ್ತಿದೆಯೇ? ಒಂದು ಬೆರಳು ತೂರಿಸಿ ವಾಲ್ವ್ ತಿರುಗಿಸಿದ್ದರೆ ಯಾವ ದೇವರೂ ಮುನಿಯುತ್ತಿರಲಿಲ್ಲ.

ಪ್ರೇಮಾವತಿ ಮೊಮ್ಮಗಳಿಗೆ ಅಕ್ಷರಾಭ್ಯಾಸ ಮಾಡಿಸಲು ಮಧೂರಿನ ದೇವಸ್ಥಾನಕ್ಕೆ ಹೋಗಿದ್ದಳು. ಐಸ್ ಪುಡಿಮಾಡುವ ಯಂತ್ರ ಸಿಕ್ಕಿಹಾಕಿಕೊಂಡಿತೆಂದು ಆಂಬ್ರೋಸನನ್ನು ಹೊರಗೆ ಕರೆದರು. ಅದನ್ನು ಬಿಡಿಸುವುದರಲ್ಲೇ ಮಧ್ಯಾಹ್ನ ದಾಟಿತು. ಅಲ್ಲಿದ್ದಾಗಲೇ ಒಳಗಿನಿಂದ ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಕೇಳಿಸಿತು. ಓಡಿ ಬರುವಷ್ಟರಲ್ಲಿ ಕಂಪ್ರೆಸರ್ ಕಚ್ಚಿಕೊಂಡು ನಿಂತಿತ್ತು, ಇನ್ನೆಂದೂ ತಿರುಗದ ಹಾಗೆ.

ಧನರಾಜ್ ಮಾಲೆಯನ್ನು ತಾನೇ ಕಿತ್ತೆಸೆದು ಹಂಡೆ ಬಿಚ್ಚಲು ಹೇಳಿದ. ಗ್ಯಾಸು ಖಾಲಿ ಮಾಡಿ ಆಂಬ್ರೋಸ್ ಅಡಿಯ ಬೋಲ್ಟ್ ತಿರುಗಿಸಿದ. ದಪ್ಪ ಎಣ್ಣೆ ಧಾರೆಯಾಗಿ ಸುರಿದು ನೆಲದಲ್ಲಿ ಹರಿಯಿತು. ಯಂತ್ರ ಹೊರಹಾಕಿದ್ದನ್ನೆಲ್ಲ ಹಂಡೆ ತಡೆದು ಹಿಡಿದಿತ್ತು. ಅವನ ಲೆಕ್ಕಾಚಾರ ಎಷ್ಟು ಸರಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಸಾಧ್ಯವಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಅಮೋನಿಯಾದ ಘಾಟಿಗೆಂದು ಎಲ್ಲರೂ ತಿಳಿದರು.

"ನೋಡಿ ಆಂಬ್ರೋಸ್," ಧನರಾಜ್ ನೆಲದ ಎಣ್ಣೆಯನ್ನು ತೋರಿಸಿದ. "ಇದ್ದ ಎಣ್ಣೆಯೆಲ್ಲ ನಿಮ್ಮ ಹಂಡೆಯೇ ಎಳೆದು ಇಟ್ಟುಕೊಂಡಿದೆ. ಮೆಷಿನಿಗೆ ಎಂತ ಉಂಟು ಮತ್ತೆ?"

ವಾಲ್ವ್ ಮುಚ್ಚಿತ್ತು ಎನ್ನಲು ಅವನು ಬಾಯಿ ತೆರೆದ. ಯಾಕೆ ಮುಚ್ಚಿತ್ತೆಂಬ ಪ್ರಶ್ನೆ ಬರುತ್ತಿತ್ತು, ಹೂವಿನ ಮಾತು ಬರುತ್ತಿತ್ತು. ಅಷ್ಟರಲ್ಲಿ ಪ್ರೇಮಾವತಿ ಮಧೂರಿನ ಪ್ರಸಾದ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲಿದ್ದ ಮಾಲೆಯನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ನನ್ನಿಂದ ಎಂತಾದರೂ ಹೆಚ್ಚುಕಡಿಮೆ ಆಯ್ತಾ ಆಂಬ್ರೋಸಣ್ಣ?"

"ಇಲ್ಲ ಪ್ರೇಮಕ್ಕ," ಎಂದ ಅವನು. "ಹಂಡೆಯೇ ಸರಿ ಇಲ್ಲ."

ಹಂಡೆ ಗುಜರಿಗೆ ಹೋಯಿತು. ಧನರಾಜ್ ಕಂಪೆನಿಯ ಹೊಸ ಕಂಪ್ರೆಸರ್ ತರಿಸಿದ. ಎಣ್ಣೆ ಹಿಡಿಯುವ ಪಾತ್ರೆ ಅದರಲ್ಲೇ ಇತ್ತು, ಅದರ ಹೊಟ್ಟೆಯೂ ದಪ್ಪವೇ. ಅದನ್ನು ಒರೆಸುವ ಕೆಲಸ ಆಂಬ್ರೋಸನಿಗೆ ಉಳಿಯಿತು. ಯಾರಾದರೂ ಹಳೆಯ ಹಂಡೆಯ ವಿಷಯ ಎತ್ತಿದರೆ ಅದು ಕೆಲಸ ಮಾಡಲಿಲ್ಲ ಮಾರಾಯ ಎನ್ನುತ್ತಿದ್ದ. ಪೆಟ್ರೋನಿಲ್ಲಾ ಕೇಳಿದಾಗಲೂ ಹಾಗೆಯೇ ಹೇಳಿದ. ಅವಳು ನಂಬಿದಳು.