ಕೆಂಪು ಗಂಡಿನ ಪಾಳಿ

ನನ್ನ ಸಿಟ್ಟು ಓಣಿಗೆಲ್ಲ ಗೊತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆವತ್ತು ನಾನು ಮೊದಲು ಕೆಟ್ಟದ್ದು ಕನಿಕರದಿಂದ.

ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಪಕ್ಕದಲ್ಲೇ ನನ್ನ ಗಂಡನ ಮೀನಿನ ತೊಟ್ಟಿಗಳಿವೆ. ಇವರಿಗೆ ಬ್ರಿಸಲ್‌ನೋಸ್ ಪ್ಲೆಕೋ ಎಂಬ ಮೀನಿನ ಹುಚ್ಚು. ಗಾಜಿಗೆ ಬಾಯಿ ಕಚ್ಚಿಕೊಂಡು ಪಾಚಿ ಕೆರೆಯುವ ಮೀನು. ಗಂಡಿಗೆ ಮೂತಿ ತುಂಬ ಮೀಸೆ. ಕಂದು ಬಣ್ಣದವು ಎಲ್ಲಿ ಬೇಕಾದರೂ ಸಿಗುತ್ತವೆ, ಇವರಿಗೆ ಬೇಕಾದದ್ದು ಅಚ್ಚ ಕೆಂಪು. ಸೀರೆಗೆ ನೂಲು ಆರಿಸುವ ಕಣ್ಣು, ಸುಮ್ಮನಿದ್ದೀತೇ? ವರ್ಷಗಟ್ಟಲೆ ಮರಿಗಳಲ್ಲಿ ಕೆಂಪಾದವನ್ನಷ್ಟೇ ಆರಿಸಿ ಬೆಳೆಸಿ, ಕೊನೆಗೆ ಮನಸ್ಸಿಗೊಪ್ಪುವ ಒಂದು ಜೋಡಿ ಮಾಡಿದರು. ಆ ಜೋಡಿಯ ಮೊದಲ ಮೊಟ್ಟೆಗಳು ಮಣ್ಣಿನ ಕೊಳವೆಯೊಳಗೆ ಕಂಡ ದಿನ ಇವರು ಊಟವನ್ನೇ ಮರೆತರು.

ಈ ಜಾತಿಯಲ್ಲಿ ಮೊಟ್ಟೆ ಕಾಯುವುದು ಗಂಡು. ಕೊಳವೆಯಲ್ಲಿ ಕೂತು ರೆಕ್ಕೆ ಬೀಸುತ್ತಲೇ ಇರುತ್ತದೆ, ಏನೂ ತಿನ್ನುವುದಿಲ್ಲ. ನಾಲ್ಕನೆಯ ದಿನ ಇವರು ಹುಲಕೋಟಿಗೆ ಹೋಗಿದ್ದರು. ಅದರ ಬತ್ತಿದ ಹೊಟ್ಟೆ ನೋಡಿ ನನ್ನ ಕರುಳು ಚುರಕ್ ಎಂದಿತು. ನಮ್ಮಲ್ಲಿ ಒಬ್ಬರು ಉಣ್ಣಲು ಎದ್ದರೆ ಇನ್ನೊಬ್ಬರು ಮಗ್ಗಕ್ಕೆ ಕೂಡುತ್ತೇವೆ, ಮಗ್ಗ ನಿಲ್ಲಬಾರದು. ಇದಕ್ಕೂ ಪಾಳಿಗೆ ಒಬ್ಬನಿರಲಿ ಎಂದು ಪಕ್ಕದ ತೊಟ್ಟಿಯ ಕಂದು ಗಂಡನ್ನು ತಂದು ಬಿಟ್ಟೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕಲಿ.

ಕಂದು ನೆಟ್ಟಗೆ ಕೊಳವೆಗೆ ನುಗ್ಗಿತು. ಕೆನ್ನೆಯ ಮುಳ್ಳು ಬಿಚ್ಚಿ ಎರಡೂ ಇರಿದಾಡಿದವು. ಕೆಂಪಿನ ಒಂದು ಕಣ್ಣು ಹೋಯಿತು, ರೆಕ್ಕೆ ಚಿಂದಿಯಾಯಿತು. ಆದರೂ ಅದು ಮೊಟ್ಟೆ ಬಿಟ್ಟು ಏಳಲಿಲ್ಲ. ಕೊನೆಗೆ ಕಂದು ಅದನ್ನು ಹೊರದಬ್ಬಿ, ನನ್ನ ಕಣ್ಣೆದುರೇ ಮೊಟ್ಟೆಗಳನ್ನು ತಿಂದುಹಾಕಿತು. ನನ್ನ ಮೈಯೆಲ್ಲ ಉರಿದುಹೋಯಿತು. ಬರಿಗೈ ಹಾಕಿ ಎಳೆದೆ; ಮುಳ್ಳು ಅಂಗೈಗೆ ನೆಟ್ಟು ರಕ್ತ ಬಂತು. ಎತ್ತಿ ಕಲ್ಲಿನ ನೆಲಕ್ಕೆ ಬಡಿದೆ. ಸತ್ತ ಮೇಲೂ ಎರಡು ಸಲ ಬಡಿದೆ.

ಸಂಜೆ ಇವರು ಬಂದಾಗ ಮುಚ್ಚಿಡದೆ ಎಲ್ಲ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಕಾದು ನಿಂತೆ. ಇವರು ನೆಲದ ಮೇಲೆ ಸತ್ತು ಬಿದ್ದಿದ್ದ ಕಂದು ಮೀನನ್ನು ನೋಡಿದರು.

"ಅದೇನ್ ತಾನಾಗೇ ಬಂದಿತ್ತೇನು? ಕರಕೊಂಡ್ ಬಂದಾಕಿ ನೀನ. ಮತ್ತ ಅದನ್ಯಾಕ ಹೊಡದಿ?"

 

ಕೆಂಪು ಗಂಡು ಆಮೇಲೆ ಮೂರು ದಿನ ಬದುಕಿತು. ಮೂರೂ ದಿನ ಆ ಖಾಲಿ ಕೊಳವೆಯಲ್ಲೇ ಹರಕು ರೆಕ್ಕೆ ಬೀಸುತ್ತ ಕೂತಿತ್ತು. ನಾನು ಗಾಜಿನ ಈಚೆ ಕೂತು ಅತ್ತೆ.